ಬೇಸ್‌ಮೆಂಟಿನ ಕೀಲಿಕೈ

“ಹೇಲಾಕ ಬರ್ತೀಯೋ, ದುಡ್ಯಾಕ ಬರ್ತೀಯೋ? ಒಮ್ಮೆ ಖರೇ ಹೇಳಿಬಿಡಬೇ ಚಂದ್ರವ್ವ, ಹಂಗ ಬರ್ಕೋತೀನಿ.”

ಗೇಟಿನ ಕ್ಯಾಬಿನ್ನಿನಲ್ಲಿ ಕೂತ ಶರಣು ಇದನ್ನು ಮೆಲ್ಲಗೆ ಕೇಳಲಿಲ್ಲ. ಎದುರಿಗೆ ಪಾರ್ಸೆಲ್ ಹೊತ್ತ ನಾಲ್ಕು ಮಂದಿ, ಇಬ್ಬರು ಡ್ರೈವರುಗಳು, ನಾಯಿ ಅಡ್ಡಾಡಿಸಿಕೊಂಡು ಬಂದ ಒಬ್ಬ ಸಾಹೇಬ ನಿಂತಿದ್ದರು. ಅವರಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಬಾರದವರಿಗೆ ನಷ್ಟವಾಗಬಾರದೆಂದು ಶರಣು ಅದನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದ. ಡ್ರೈವರುಗಳು ನಕ್ಕರು. ಸಾಹೇಬ ನಾಯಿಯನ್ನು ತನ್ನ ಕಾಲ ಹತ್ತಿರಕ್ಕೆ ಎಳೆದುಕೊಂಡ.

ಚಂದ್ರವ್ವ ಸೆರಗನ್ನು ಮುದ್ದೆ ಮಾಡಿ ಹೊಟ್ಟೆಗೆ ಒತ್ತಿಕೊಂಡು ಬಾಗಿ ನಿಂತಿದ್ದಳು. ಒಳಗೆ ಯಾರೋ ಒದ್ದೆ ಚಾದರ ಹಿಂಡಿದಂತೆ ಆಗುತ್ತಿತ್ತು. ಹಣೆಯ ಬೆವರು ಮೂಗಿನ ತುದಿಗೆ ಇಳಿದು ಅಲ್ಲೇ ನಿಂತಿತ್ತು. ಒರೆಸಿಕೊಳ್ಳಲು ಕೈ ಬಿಟ್ಟರೆ ಇನ್ನೇನು ಬಿಟ್ಟುಹೋಗುತ್ತದೋ ಎಂಬ ಹೆದರಿಕೆ.

“ಕೀಲಿಕೈ ಕೊಡೋ ಯಪ್ಪಾ. ನಿಂದ್ರಾಕ ಆಗವಲ್ದು.”

“ಕೊಡದ ಏನ್ ನಾ ಇಟಗೊಂಡ ಪೂಜಿ ಮಾಡ್ಲಿ? ಟ್ಯಾಬ್ ತಿರಗಾಕತ್ತೈತಿ, ತಡಿ. ಕಾರ್ಡ್ ತೋರ್ಸು. ಮುಂಜಾನಿಂದ ಐದನೇ ಸಲ ನೋಡ ಇದು. ಅಂಥಾದ್ದ ಏನ್ ತಿಂತೀಬೇ?”

“ಏನೂ ತಿಂದಿಲ್ಲ.”

“ತಿನ್ನದ ಇಷ್ಟು! ತಿಂದ್ರ ಬಿಲ್ಡಿಂಗ್ ಮುಣಗತೈತಿ.”

ಕಾಂದಿವಲಿಯ ಆ ಇಪ್ಪತ್ತೆರಡು ಮಾಳಿಗೆಯ ಬಿಲ್ಡಿಂಗಿನಲ್ಲಿ ಮನೆಗೆಲಸದವರು ಯಾವ ಫ್ಲ್ಯಾಟಿನ ಪಾಯಖಾನೆಯಲ್ಲೂ ಕೂರುವಂತಿಲ್ಲ. ತೊಳೆಯಬಹುದು, ಕೂರುವಂತಿಲ್ಲ. ಅವರಿಗೆಂದು ಬೇಸ್‌ಮೆಂಟಿನಲ್ಲಿ ಒಂದಿದೆ, ಅದಕ್ಕೊಂದು ಬೀಗ ಇದೆ, ಬೀಗದ ಕೀಲಿಕೈ ಗೇಟಿನ ಕ್ಯಾಬಿನ್ನಿನ ಮೊಳೆಗೆ ತೂಗುತ್ತದೆ. ಬೇಕಾದವರು ಕೊರಳಿನ ಕಾರ್ಡು ತೋರಿಸಿ ಟ್ಯಾಬಿನಲ್ಲಿ ಹೆಸರು ಬರೆಸಬೇಕು. ಬರೆಸಿದ ಕೂಡಲೇ ಅವರು ದುಡಿಯುವ ಎಲ್ಲ ಮನೆಗಳ ಮೊಬೈಲಿಗೂ ಠಣ್ಣೆಂದು ಸುದ್ದಿ ಹೋಗುತ್ತದೆ, ನಿಮ್ಮ ಕೆಲಸದವರು ಕೆಲಸ ಬಿಟ್ಟು ಕೆಳಗಿಳಿದಿದ್ದಾರೆ ಅಂತ. ಸಿಟ್ಟು ಬಂದವರು ಕೂತಲ್ಲೇ ಒಂದು ಕೆಂಪು ಚುಕ್ಕೆ ಒತ್ತಬಹುದು. ಮೂರು ಚುಕ್ಕೆ ಬಿದ್ದರೆ ಕಾರ್ಡು ಬಂದ್. ಚಂದ್ರವ್ವನ ನಾಲ್ಕೂ ಮನೆ ಒಂದೇ ಏಟಿಗೆ ಹೋದಂತೆ. ಪಕ್ಕದ ಮೂರು ಬಿಲ್ಡಿಂಗುಗಳಲ್ಲೂ ಇದೇ ಟ್ಯಾಬು, ಅಲ್ಲಿನ ಗೇಟುಗಳೂ ತೆರೆಯುವುದಿಲ್ಲ. ಹೋದ ವರ್ಷ ಗುರುಬಾಯಿಯ ಕಾರ್ಡು ಹಾಗೆ ಬಂದಾಗಿತ್ತು. ಹದಿನಾರು ವರ್ಷ ದುಡಿದವಳು ಈಗ ದಹಿಸರ್ ಸ್ಟೇಷನ್ನಿನ ಬ್ರಿಜ್ಜಿನ ಕೆಳಗೆ ಬೆಳ್ಳುಳ್ಳಿ ಸುಲಿಯುತ್ತಾಳೆ. ಚಂದ್ರವ್ವನ ಹೆಸರಿಗೆ ಆಗಲೇ ಒಂದು ಚುಕ್ಕೆ ಬಿದ್ದಿತ್ತು.

ಕೊನೆಗೂ ಟ್ಯಾಬು ತಿರುಗುವುದನ್ನು ನಿಲ್ಲಿಸಿತು. ಶರಣು ಕೀಲಿಕೈಯನ್ನು ಎರಡು ಬೆರಳಿನಲ್ಲಿ ಹಿಡಿದು, ಸತ್ತ ಇಲಿಯ ಬಾಲ ಹಿಡಿದವನ ಹಾಗೆ, ಕಿಟಕಿಯಿಂದ ಹೊರಗೆ ಬಿಟ್ಟ. ಸಿಂದಗಿ ಕಡೆಯ ಹುಡುಗ. ಹನ್ನೆರಡು ತಾಸು ಗೇಟು ಬಿಟ್ಟು ಅಲ್ಲಾಡುವಂತಿಲ್ಲದ ಅವನ ಕುರ್ಚಿಯ ಕೆಳಗೆ ಅರ್ಧ ತುಂಬಿದ ಹಳದಿ ಬಾಟಲಿಯೊಂದಿತ್ತು. ಚಂದ್ರವ್ವ ಅದನ್ನು ನೋಡಿದ್ದಳು. ನೋಡಿದ್ದಾಳೆಂದು ಅವನಿಗೂ ಗೊತ್ತಿತ್ತು. ಅದಕ್ಕೇ ಅವನ ಬಾಯಿ ಅಷ್ಟು ಜೋರು.

ಬೇಸ್‌ಮೆಂಟಿನದು ಕಸದ ಕೋಣೆಗೆ ಅಂಟಿಕೊಂಡಿತ್ತು. ಹೊರಗಿನ ಬೀಗ ಗಟ್ಟಿ, ಒಳಗಿನ ಚಿಲಕ ಕಿತ್ತುಹೋಗಿತ್ತು. ಕೂತವರು ಒಂದು ಕಾಲು ಚಾಚಿ ಬಾಗಿಲನ್ನು ಒತ್ತಿ ಹಿಡಿಯಬೇಕು. ಮುಂಚೆ ಬಂದ ಡ್ರೈವರನ ಹೇಲು ಸೀಳುಬಿಟ್ಟ ಸಿಮೆಂಟಿನ ಮೇಲೆ ಹಾಗೇ ಇತ್ತು. ಅದರ ಪಕ್ಕ ಗುಟ್ಕಾದ ಉಗುಳು. ಡ್ರಮ್ಮಿನ ನೀರಿನ ಮೇಲೆ ಜಿರಲೆಯೊಂದು ಅಂಗಾತವಾಗಿ ತೇಲುತ್ತಿತ್ತು. ಹತ್ತೊಂಬತ್ತನೆಯ ಮಾಳಿಗೆಯ ಸಂಡಾಸಿಗೆ ಮಲ್ಲಿಗೆಯ ವಾಸನೆಯ ನೀಲಿ ಬಿಲ್ಲೆ ಹಾಕಿ ಬಂದವಳು ಇಲ್ಲಿ ಮೂಗಿಗೆ ಸೆರಗು ತುರುಕಿಕೊಂಡು ಕೂತಳು. ಇದನ್ನು ತೊಳೆಯುವುದು ಯಾರ ಕೆಲಸವೆಂದು ಸೊಸೈಟಿಯ ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಕೂತಾಗಲೇ ಕುಬಸದೊಳಗಿನ ಮೊಬೈಲು ನಡುಗಿತು. ಮಗಳು ಶೀತಲ ತೋರಿಸಿಕೊಟ್ಟ ಹಾಗೆ ಒತ್ತಿ ನೋಡಿದಳು. ತನ್ನದೇ ಫೋಟೋ. ಅದರ ಕೆಳಗೆ ಎರಡು ಕೆಂಪು ಚುಕ್ಕೆ. ಹನ್ನೊಂದನೆಯ ಮಾಳಿಗೆಯವಳು ಒತ್ತಿದ್ದಳು.

ಹೊಟ್ಟೆ ಕೆಟ್ಟದ್ದು ಮೂರು ವರ್ಷದ ಕೆಳಗೆ, ಗಂಡ ಶೆಟ್ಟೆಪ್ಪ ತೀರಿಕೊಂಡ ವರ್ಷವೇ. ಒಂದು ದಿನ ನೀರು ನೀರು, ಆಮೇಲೆ ನಾಲ್ಕು ದಿನ ಕಲ್ಲು. ಬಂದೇ ಬರುತ್ತದೆ ಎಂದು ಓಡಿದರೆ ಬರೀ ಗಾಳಿ, ಗಾಳಿ ಎಂದು ನಂಬಿ ಕೂತರೆ ಸೀರೆ ಹಾಳು. ದಹಿಸರಿನ ಚಾಳಿನಲ್ಲಿ ನಲವತ್ತು ಮನೆಗೆ ಎಂಟು ಸಂಡಾಸು. ಅಲ್ಲಿಯ ಸರತಿ ಮುಗಿಸಿ ಲೋಕಲ್ ಹಿಡಿಯಬೇಕು, ಲೇಡೀಸ್ ಡಬ್ಬಿಯಲ್ಲಿ ಒಂದೇ ಕಾಲ ಮೇಲೆ ನಿಂತಾಗ ಹೊಟ್ಟೆ ಗುಡುಗತೊಡಗಿದರೆ ಬೋರಿವಲಿಯಲ್ಲಿಳಿದು ಓಡಬೇಕು. ಹೊಟ್ಟೆಗೆ ಹಾಕುವುದರಿಂದಲ್ಲವೇ ಇದೆಲ್ಲ, ಹಾಕುವುದನ್ನೇ ಬಿಟ್ಟರಾಯಿತು ಎಂದುಕೊಂಡಳು ಚಂದ್ರವ್ವ. ಕೆಲಸ ಮುಗಿದು ಮನೆ ಸೇರುವವರೆಗೆ ಒಂದು ಗುಟುಕು ಚಹಾ ಕೂಡ ಇಲ್ಲ.

ಹತ್ತೊಂಬತ್ತನೆಯ ಮಾಳಿಗೆಯ ವನಮಾಲಾ ಒಂದು ಸೋಮವಾರ ಚಹಾದ ಬಟ್ಟಲು ಚಾಚಿದಾಗ ಚಂದ್ರವ್ವ ಬಾಯಿಗೆ ಬಂದದ್ದು ಹೇಳಿದ್ದಳು: “ಇವತ್ತ ಒಪ್ಪತ್ತರಿ.”

ವನಮಾಲಾಗೆ ಬಲು ಖುಷಿಯಾಯಿತು. ಮೈಸೂರಿನ ಕಡೆಯ ಹೆಂಗಸು, ದೇವರು ದಿಂಡರೆಂದರೆ ಜೀವ. ಗುರುವಾರ ಚಹಾ ಬೇಡವೆಂದಾಗ ತಾನೇ ಕೇಳಿ ತಾನೇ ಉತ್ತರ ಹೇಳಿಕೊಂಡಳು: “ರಾಯರದ್ದಾ? ಇರ್ಲಿ ಇರ್ಲಿ.” ಶುಕ್ರವಾರಕ್ಕೆ ಲಕ್ಷ್ಮಿಯನ್ನೂ ಶನಿವಾರಕ್ಕೆ ಹನುಮಪ್ಪನನ್ನೂ ಅವಳೇ ಹೊಂದಿಸಿಕೊಟ್ಟಳು. ಮಂಗಳವಾರಕ್ಕೆ ಗಣಪತಿ ಸಿಕ್ಕ. ಬುಧವಾರಕ್ಕೆ ಮಾತ್ರ ಯಾರೂ ಸಿಗದೆ, ಆ ದಿನ ಹಲ್ಲುನೋವು ಎಂದಾಯಿತು. ಬಂದುಹೋದವರ ಮುಂದೆಲ್ಲ ವನಮಾಲಾ ಹೇಳುತ್ತಿದ್ದಳು: “ನಮ್ಮ ಚಂದ್ರವ್ವನಿಗಿರೋ ಭಕ್ತಿ ನಮಗಿಲ್ಲ ಕಣ್ರೀ.” ಚಂದ್ರವ್ವ ಬೇಡವೆನ್ನಲಿಲ್ಲ. ದೇವರ ಹೆಸರಿಗಾದರೂ ಯಾರೂ ಬಲವಂತ ಮಾಡಿ ತಿನ್ನಿಸುವುದಿಲ್ಲವಲ್ಲ ಎಂದುಕೊಂಡಳು. ಅವಳು ಎಡವಿದ್ದು ಅಲ್ಲೇ.

ಹಸಿದ ಹೊಟ್ಟೆಯೂ ಮಾತು ಕೇಳಲಿಲ್ಲ. ಮುನಸಿಪಾಲಿಟಿ ದವಾಖಾನೆಯಲ್ಲಿ ಹತ್ತು ತಿಂಗಳು ರಕ್ತ, ಮಲ, ಹೊಟ್ಟೆಯ ಫೋಟೋ ಎಂದು ಓಡಾಡಿಸಿದ ಮೇಲೆ ಎಳೆಯ ಡಾಕ್ಟರಮ್ಮನೊಬ್ಬಳು ಕಾಗದದ ಮೇಲೆ ಇಂಗ್ಲಿಷಿನ ಮೂರಕ್ಷರ ಬರೆದು ಹಿಂದಿಯಲ್ಲಿ ತಿಳಿಸಿ ಹೇಳಿದಳು. ಕ್ಷಯ ಇಲ್ಲ, ಗಡ್ಡೆ ಇಲ್ಲ, ಹುಳ ಇಲ್ಲ. ಕರುಳೇ ಸಿಡುಕಿನದು, ಸಣ್ಣದಕ್ಕೂ ಮುನಿಯುತ್ತದೆ. ಸಾಯಿಸುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಟೆನ್ಷನ್ ಮಾಡಿಕೊಳ್ಳಬಾರದು, ಬಂದಾಗ ತಡೆಯಬಾರದು, ಹಾಲು ಮುಟ್ಟಬಾರದು. ಚಂದ್ರವ್ವನಿಗೆ ನಗು ಬಂತು. ನಾಲ್ಕರಲ್ಲಿ ಅವಳ ಕೈಯಲ್ಲಿದ್ದದ್ದು ಹಾಲೊಂದೇ. ಡಾಕ್ಟರಮ್ಮ ಒಳ್ಳೆಯವಳು, ಈ ಹೆಂಗಸಿಗೆ ಬೇಕೆಂದಾಗ ಶೌಚಕ್ಕೆ ಬಿಡಬೇಕೆಂದು ಸಿಕ್ಕಾ ಒತ್ತಿದ ಚೀಟಿಯನ್ನೂ ಕೊಟ್ಟಳು.

ಆ ಮೂರಕ್ಷರ ಎಲ್ಲೋ ನೋಡಿದ್ದೇನಲ್ಲ ಎಂದು ಚಂದ್ರವ್ವನಿಗೆ ಲೋಕಲ್ಲಿನಲ್ಲಿ ಅನಿಸುತ್ತಲೇ ಇತ್ತು. ಒಂದು ಕೋಲು, ಒಂದರ ಮೇಲೊಂದು ಎರಡು ಹೊಟ್ಟೆ, ಒಂದು ಹಾವು. ಮರುದಿನ ವನಮಾಲಾಳ ಫ್ರಿಜ್ ಒರೆಸುವಾಗ ಅದರ ಬಾಗಿಲಿಗೆ ಅಂಟಿಸಿದ್ದ ಹಾಳೆಯ ನೆತ್ತಿಯ ಮೇಲೆ ಅದೇ ಕೋಲು, ಅದೇ ಹೊಟ್ಟೆ, ಅದೇ ಹಾವು ಕಂಡವು.

ಹಾಳೆ ಆ ಮನೆಯ ಸೊಸೆ ಧಾತ್ರಿಯದು. ಅವಳು ಏನು ತಿನ್ನಬೇಕು, ಏನು ಬಿಡಬೇಕು ಎಂಬ ಪಟ್ಟಿ. ಎರಡು ವರ್ಷದಿಂದ ಧಾತ್ರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಬೇರೆ ಅಡುಗೆ. ಕಂಪನಿಯವರು ಪಾಪ ಅಂದು ಮನೆಯಲ್ಲೇ ಕೆಲಸ ಮಾಡಲು ಬಿಟ್ಟಿದ್ದರು. ಕೋಣೆಗೆ ಹೊಂದಿಕೊಂಡ ಬಾತ್‌ರೂಮು ಅವಳೊಬ್ಬಳದೇ, ಗಂಡ ವಿಕ್ರಂ ಕೂಡ ಹೊರಗಿನದಕ್ಕೆ ಹೋಗಬೇಕು. ಮೀಟಿಂಗಿನ ನಡುವೆ ಎದ್ದು ಓಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆ ಬಾತ್‌ರೂಮನ್ನು ದಿನಕ್ಕೆ ಎರಡು ಸಲ ತಿಕ್ಕುವವಳು ಚಂದ್ರವ್ವ. ಧಾತ್ರಿಗೆ ಇಂದು ನೀರೋ ಕಲ್ಲೋ ಎಂಬುದು ಕಟ್ಟಿಕೊಂಡ ಗಂಡನಿಗಿಂತ ಮುಂಚೆ ಅವಳಿಗೆ ತಿಳಿಯುತ್ತಿತ್ತು. ಹೇಲು ನೋಡಿ ಹೇಲು ತೊಳೆದರೂ ಇಬ್ಬರ ಹೊಟ್ಟೆಯೂ ಒಂದೇ ತಾಳಕ್ಕೆ ಕುಣಿಯುತ್ತದೆಂದು ಗೊತ್ತಾದದ್ದು ಮಾತ್ರ ಈಗ.

“ಅಕ್ಕೋರ, ನಂದೂ ಇದ ಬ್ಯಾನಿ ಅಂತ್ರಿ,” ಎಂದು ಚೀಟಿಯನ್ನು ಹಾಳೆಯ ಪಕ್ಕ ಹಿಡಿದಳು.

ವನಮಾಲಾ ನಕ್ಕೇಬಿಟ್ಟಳು. “ಅಯ್ಯೋ, ನಿಮಗೆಲ್ಲ ಅದು ಬರಲ್ಲ ಕಣಮ್ಮ. ಅದು ಓದಿ, ಲ್ಯಾಪ್‌ಟಾಪ್ ಮುಂದೆ ಕೂತು ತಲೆ ಕೆಡಿಸ್ಕೊಳ್ಳೋರಿಗೆ ಬರೋದು. ನಿಂದು ಬೀದಿ ವಡಾಪಾವ್ ತಿಂದು ಕೆಟ್ಟಿರೋ ಹೊಟ್ಟೆ ಅಷ್ಟೆ.”

ವಾರವೆಲ್ಲ ಉಪವಾಸ ಇರುವವಳು ವಡಾಪಾವ್ ಯಾವಾಗ ತಿಂದಳು ಎಂದು ವನಮಾಲಾಗೆ ಹೊಳೆಯಲಿಲ್ಲ. ಲ್ಯಾಪ್‌ಟಾಪಿನ ಮುಂದಿದ್ದ ಧಾತ್ರಿ ತಲೆಯೆತ್ತಿ, “ಸೀರಿಯಸ್ಲೀ? ಸೇಮ್ ಟು ಸೇಮ್?” ಎಂದಳು. ಮುಂಬೈಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡ ಅಷ್ಟಕ್ಕೇ ಮುಗಿಯುತ್ತಿತ್ತು. ಒಂದು ಗಳಿಗೆ ಚಂದ್ರವ್ವನನ್ನು ನೋಡಿದಳು. ಆಮೇಲೆ ಕಿವಿಗೆ ಹೆಡ್‌ಫೋನು ಹಾಕಿಕೊಂಡಳು.

ಚೀಟಿ ಶಾಮಣ್ಣನ ಕೈಗೆ ಹೋಯಿತು. ವನಮಾಲಾಳ ಗಂಡ ಶಾಮಣ್ಣ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮ್ಯಾನೇಜರಾಗಿದ್ದು ಈಗ ಸೊಸೈಟಿಯ ಸೆಕ್ರೆಟರಿ. ಟ್ಯಾಬು, ಬೀಗ, ಕೆಂಪು ಚುಕ್ಕೆ ಎಲ್ಲ ಆತನ ತಲೆಯಿಂದಲೇ ಹುಟ್ಟಿದ್ದು. ಕನ್ನಡಕ ಏರಿಸಿ ಚೀಟಿಯನ್ನು ಹಿಂದೆ ಮುಂದೆ ಓದಿದ.

“ಲೆಟರ್ ಚೆನ್ನಾಗೇ ಇದೆ. ಆದ್ರೆ ಒಬ್ಬಳಿಗೆ ಬಿಟ್ಟರೆ ನಾಳೆ ಬಿಲ್ಡಿಂಗಿನ ಅರವತ್ತು ಕೆಲಸದ ಬಾಯಿಗಳಿಗೂ ಹೊಟ್ಟೆನೋವು ಬರುತ್ತೆ. ನೀನು ನಮ್ಮ ಕನ್ನಡದೋಳು ಅಂತ ಹೇಳ್ತಿದೀನಿ, ಬೇಜಾರು ಮಾಡ್ಕೋಬೇಡ. ಬೆಳಿಗ್ಗೆ ಮನೇಲೇ ಪೂರ್ತಿ ಮುಗಿಸ್ಕೊಂಡು ಬರಬೇಕು. ಇದಕ್ಕೆಲ್ಲ ಡಿಸಿಪ್ಲಿನ್ ಬೇಕು. ನಾನು ನೋಡು, ಮೂವತ್ತು ವರ್ಷದಿಂದ ಬೆಳಿಗ್ಗೆ ಆರೂಕಾಲು ಅಂದ್ರೆ ಆರೂಕಾಲು. ಒಂದು ದಿನ ತಪ್ಪಿಲ್ಲ.”

ಅದು ಚಂದ್ರವ್ವನಿಗೆ ಗೊತ್ತಿತ್ತು. ಆರೂಕಾಲರ ಗುರುತನ್ನು ಏಳಕ್ಕೆ ಬಂದು ಬ್ರಷ್ಷಿನಿಂದ ತಿಕ್ಕುವವಳು ಅವಳೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಾರ್ಡಿನ ಹಿಂದೆ ಸಿಗಿಸಿಕೊಂಡು ಅವಳು ಪಾತ್ರೆ ತೊಳೆಯಲು ಹೋದಳು.

ಎರಡನೆಯ ಚುಕ್ಕೆ ಬಿದ್ದ ಮರುವಾರ ಧಾತ್ರಿಗೆ ಪ್ರಮೋಷನ್ ಆಯಿತು. ವನಮಾಲಾ ಸತ್ಯನಾರಾಯಣ ಪೂಜೆ ಇಟ್ಟುಕೊಂಡಳು.

ಆ ಭಾನುವಾರ ಚಂದ್ರವ್ವ ಆರಕ್ಕೇ ಬಂದಳು. ಎಲ್ಲಕ್ಕಿಂತ ಮೊದಲು ಹೊರಗಿನ ಬಾತ್‌ರೂಮು. “ಗುರುಗಳು ಉಪಯೋಗಿಸೋದು ಚಂದ್ರವ್ವ, ಬ್ರಷ್ಷಲ್ಲಿ ಬೇಡ, ಕೈಯಲ್ಲೇ ಉಜ್ಜು,” ಎಂದಳು ವನಮಾಲಾ. ಚಂದ್ರವ್ವ ಮಂಡಿಯೂರಿ, ಕಮೋಡಿನ ಅಂಚಿನ ಒಳಗೆ ಬೆರಳು ಹಾಕಿ, ಮೂಲೆ ಮೂಲೆಯ ಹಳದಿ ಕೊಳೆ ತೆಗೆದಳು. ಹಸಿರು ಬಿಲ್ಲೆ ಹಾಕಿದಳು. ಹೊಸ ಸೋಪು ಬಿಚ್ಚಿಟ್ಟಳು, ನವಿಲಿನ ಕಸೂತಿಯ ಟವೆಲ್ಲು ಮಡಚಿ ತೂಗಹಾಕಿದಳು. ಕೈಯನ್ನು ಎಷ್ಟು ತೊಳೆದರೂ ವಾಸನೆ ಉಗುರಿನಲ್ಲಿ ಉಳಿಯಿತು.

ಹನ್ನೊಂದರ ಹೊತ್ತಿಗೆ ಪಡಸಾಲೆಯಲ್ಲಿ ನಲವತ್ತು ಜನ. ರೇಷ್ಮೆ, ಅತ್ತರು, ಕರ್ಪೂರ. ಗುರುಗಳು ಕಥೆ ಹೇಳಿದರು. ಪ್ರಸಾದವನ್ನು ತಿರಸ್ಕರಿಸಿದವರ ಹಡಗು ನೀರಿನಲ್ಲಿ ಹೇಗೆ ಮುಳುಗಿತು ಎಂಬಲ್ಲಿಗೆ ಬಂದಾಗ ಹೆಂಗಸರೆಲ್ಲ ಕೆನ್ನೆ ತಟ್ಟಿಕೊಂಡರು. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತ ಚಂದ್ರವ್ವ ಪಾತ್ರೆ ಎಣಿಸುತ್ತಿದ್ದಳು. ಅವಳ ಹೊಟ್ಟೆ ಎಂದೂ ಇಲ್ಲದಂತೆ ಸುಮ್ಮನಿತ್ತು. ನಿನ್ನೆ ಸಂಜೆಯ ಅರ್ಧ ರೊಟ್ಟಿ ಬಿಟ್ಟರೆ ಅದರೊಳಗೆ ಏನೂ ಇರಲಿಲ್ಲ. ಇವತ್ತೊಂದು ದಿನ ಚುಕ್ಕೆ ಬೀಳದೆ ದಾಟಿದರೆ ಸಾಕಾಗಿತ್ತು.

ಪ್ರಸಾದದ ಪಾತ್ರೆ ಬಂತು. ತುಪ್ಪದಲ್ಲಿ ಹುರಿದ ರವೆ, ಗಟ್ಟಿ ಹಾಲು, ಬಾಳೆಹಣ್ಣು, ಸಕ್ಕರೆ. ಗುರುಗಳು ಮೊದಲು ಧಾತ್ರಿಯ ಕಡೆ ಕೈ ಚಾಚಿದರು.

“ಅವಳಿಗೆ ಹಾಲು ಆಗಲ್ಲ ಗುರುಗಳೇ,” ಎಂದಳು ವನಮಾಲಾ ಮೆಲ್ಲಗೆ. “ಐಬಿಎಸ್ಸು.”

“ಪಾಪ. ಕಣ್ಣಿಗೊತ್ತಿಕೊಂಡರೆ ಸಾಕಮ್ಮ,” ಎಂದರು ಗುರುಗಳು. “ಭಗವಂತನಿಗೆ ಅಷ್ಟು ಗೊತ್ತಾಗಲ್ವೇ?”

ಧಾತ್ರಿ ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟಳು. ಅವಳ ಮುಖ ಬೆಳಗಿನಿಂದ ಬಿಳಿಚಿಕೊಂಡಿತ್ತು. ಹೊಗೆ, ಹಸಿವು, ಮೈಮೇಲೆ ಬೀಳುವ ನೆಂಟರು, ಇವೇ ಸಾಕಾಗಿದ್ದವು. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲೆ ವನಮಾಲಾಗೆ ತನ್ನ ಮನೆಯ ಇನ್ನೊಂದು ವಿಶೇಷ ನೆನಪಾಯಿತು. ಚಂದ್ರವ್ವನ ತೋಳು ಹಿಡಿದು ಪಡಸಾಲೆಗೆ ಎಳೆತಂದಳು. “ಇವಳೇ ಗುರುಗಳೇ, ನಾನು ಹೇಳ್ತಿದ್ದೆನಲ್ಲ. ವಾರದಲ್ಲಿ ಐದು ದಿನ ನಿಟ್ಟುಪವಾಸ. ನೀರೂ ಮುಟ್ಟಲ್ಲ.”

ನಲವತ್ತು ಜನ ತಿರುಗಿ ನೋಡಿದರು. ಯಾರೋ ಚ್ಚು ಚ್ಚು ಎಂದರು. ಗುರುಗಳು ಇಷ್ಟು ದೊಡ್ಡ ಉಂಡೆ ಕಟ್ಟಿ, ಮುಟ್ಟದಂತೆ ಗೇಣು ಮೇಲಿನಿಂದ ಅವಳ ಬೊಗಸೆಗೆ ಬಿಟ್ಟರು. “ವ್ರತ ಇಲ್ಲೇ ಬಿಡು. ನಮ್ಮೆದುರಿಗೇ ಸ್ವೀಕರಿಸು.”

ಚಂದ್ರವ್ವ ಬೊಗಸೆಯನ್ನು ಹಣೆಯ ಹತ್ತಿರಕ್ಕೆ ಎತ್ತಿದಳು. “ನನಗ ಹಾಲ ಆಗಂಗಿಲ್ರಿ ಅಪ್ಪಾರ. ನಾನೂ ಕಣ್ಣಿಗೆ ಒತ್ಕೋತೀನ್ರಿ.”

ಗುರುಗಳ ಮುಖದ ನಗು ಅಲ್ಲೇ ಇತ್ತು, ಆದರೆ ಬಿಗಿಯಿತು. “ಕಣ್ಣಿಗೆ ಯಾರು ಒತ್ತಿಕೋಬೇಕು, ಬಾಯಿಗೆ ಯಾರು ಹಾಕ್ಕೋಬೇಕು ಅನ್ನೋದನ್ನ ನಾನು ಹೇಳ್ತೀನಮ್ಮ. ಈಗ ತಾನೇ ಕಥೆ ಕೇಳಿಲ್ವಾ?”

“ಡಾಕ್ಟರ್ ಚೀಟಿ ಐತ್ರಿ...”

“ಚಂದ್ರವ್ವ.” ಶಾಮಣ್ಣ ಹಲ್ಲು ಕಚ್ಚಿ ಮಾತಾಡಿದ. “ಮನೇಲಿ ಶುಭಕಾರ್ಯ. ಅಪಶಕುನ ಮಾಡಬೇಡ. ಬಾಯಿ ಮುಚ್ಕೊಂಡು ತಿನ್ನು.”

ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೋ ಚಂದ್ರವ್ವನಿಗೆ ತಿಳಿಯಲಿಲ್ಲ. ಆತನ ಕೈಯಲ್ಲಿ ಮೊಬೈಲಿತ್ತು. ಮೊಬೈಲಿನಲ್ಲಿ ಚುಕ್ಕೆಯಿತ್ತು. ತಿಂದಳು. ತುಪ್ಪ ಗಂಟಲಿಗೆ ಹತ್ತಿತು. ಮೇಲಿಂದ ಒಂದು ಲೋಟ ಪಂಚಾಮೃತವನ್ನೂ ಹೊಯ್ದರು, ಅದನ್ನೂ ಕುಡಿದಳು. ವಿಕ್ರಂ ಒಂದು ಫೋಟೋ ತೆಗೆದ. ಒಬ್ಬಾಕೆ ಕಣ್ಣೊರೆಸಿಕೊಂಡು, “ಎಷ್ಟು ಹಸಿದಿದ್ಲೋ ಪಾಪ,” ಎಂದಳು.

ಅರ್ಧ ತಾಸೂ ಹಿಡಿಯಲಿಲ್ಲ. ಬೇಸಿನ್ನಿನ ಮುಂದೆ ಕಡಾಯಿ ತಿಕ್ಕುತ್ತಿದ್ದಾಗ ಹೊಕ್ಕುಳ ಕೆಳಗೆ ಚಾದರದ ಮೊದಲ ಹಿಂಡು ಬಿತ್ತು. ಎರಡನೆಯದಕ್ಕೆ ಕಡಾಯಿ ಕೈಬಿಟ್ಟಿತು.

“ಅಕ್ಕೋರ, ಕಾಲ ಬೀಳ್ತೀನ್ರಿ. ಒಂದ ಸಲ ಇಲ್ಲೇ ಹೋಗಿಬರ್ತೀನಿ. ನಾನ ತೊಳದಬಿಡ್ತೀನಿ.”

“ಇವತ್ತಾ? ದೇವರು ಕೂತಿರೋವಾಗ?” ವನಮಾಲಾಳ ಮುಖ ಹುಳ ಕಂಡವಳಂತೆ ಕಿವುಚಿತು. “ಕೆಳಗೆ ಹೋಗು. ಬೇಗ ಬಾ, ಎಲೆ ಹಾಕೋ ಹೊತ್ತಾಯ್ತು.”

ಕೆಲಸದವರ ಲಿಫ್ಟು ಕೆಳಗೆ ನಿಂತಿತ್ತು, ಊಟದವರು ಹಂಡೆ ತುಂಬುತ್ತಿದ್ದರು. ಗುಂಡಿ ಒತ್ತಿದಳು, ಒತ್ತಿದಳು. ದೊಡ್ಡವರ ಲಿಫ್ಟು ತಾನಾಗಿ ತೆರೆದುಕೊಂಡಿತು. ಒಳಗಿದ್ದ ಹೆಂಗಸು ಅವಳ ಕೊರಳಿನ ಕಾರ್ಡು ನೋಡಿ, ಮೂಗಿನ ಮೇಲೆ ಬೆರಳಿಟ್ಟು, “ದೂಸರೀ ಲಿಫ್ಟ್,” ಎಂದಳು. ಬಾಗಿಲು ಮುಚ್ಚಿತು. ಶರಣುವಿಗೆ ಫೋನು ಮಾಡಿದಳು.

“ಕೀಲಿಕೈ ಡ್ರೈವರ್ ಒಬ್ಬಾಂವ ಒಯ್ದಾನಬೇ. ತಡಕೋ ಜರಾ.”

“ಸಾಯ್ತೀನೋ!”

“ಹೇಲಿಂದ ಯಾರೂ ಸಾಯಂಗಿಲ್ಲ,” ಎಂದು ಫೋನಿಟ್ಟ.

ಮೆಟ್ಟಿಲಿಳಿದಳು. ತೊಡೆಗೆ ತೊಡೆ ಒತ್ತಿಕೊಂಡು, ಗೋಡೆಯನ್ನು ಅಂಗೈಯಿಂದ ಸವರುತ್ತ, ಹದಿನೆಂಟು ದಾಟಿ ಹದಿನೇಳರ ತಿರುವಿಗೆ ಬಂದಾಗ ನಿಂತುಬಿಟ್ಟಳು. ಬೆಚ್ಚಗಿನದೊಂದು ಎಳೆ ತೊಡೆಗುಂಟ ಇಳಿಯಿತು. ವಾಸನೆ ಅವಳ ಮೂಗಿಗೇ ಮೊದಲು ಬಡಿಯಿತು. ತುಪ್ಪ, ಬಾಳೆಹಣ್ಣು, ಹುಳಿತ ಹಾಲು, ಹೇಲು. ಪ್ರಸಾದವೇ ಬೇರೆ ದಾರಿಯಿಂದ ಹೊರಬರುತ್ತಿತ್ತು. ಚಂದ್ರವ್ವನಿಗೆ ವಾಕರಿಕೆ ಬಂತು. ತನ್ನ ಮೈಗೆ ಹೇಸಿ ಅಲ್ಲ. ಅದನ್ನು ಮೂರು ವರ್ಷದಿಂದ ಹೊತ್ತು ರೂಢಿಯಾಗಿತ್ತು, ಹೇಸಿದ್ದು ಕೆಳಗೆ ಕಾದಿರುವುದಕ್ಕೆ. ಕೆಳಗೆ ಇನ್ನೂ ಹದಿನೇಳು ಮಾಳಿಗೆ, ಅದರ ಕೆಳಗೆ ಗೇಟು, ಗೇಟಿನಲ್ಲಿ ಶರಣು, ಅವನ ನಗು, ಆಮೇಲೆ ಆ ಜಿರಲೆಯ ಡ್ರಮ್ಮು. ಮೇಲೆ ಎರಡೇ ಮಾಳಿಗೆ. ಅಲ್ಲಿ ಬೆಳಿಗ್ಗೆ ಬೆರಳು ಹಾಕಿ ತೊಳೆದ ಬಾತ್‌ರೂಮು.

ತಿರುಗಿ ಮೇಲೆ ಹತ್ತಿದಳು.

ಪಡಸಾಲೆಯಲ್ಲಿ ಎಲೆ ಹಾಸುತ್ತಿದ್ದರು. ಚಂದ್ರವ್ವ ಯಾರ ಮುಖವನ್ನೂ ನೋಡದೆ, ರಂಗೋಲಿ ತುಳಿದುಕೊಂಡು, ನಲವತ್ತು ಜನರ ನಡುವೆ ಹಾದುಹೋದಳು. ಹಾದಲ್ಲೆಲ್ಲ ಮೂಗುಗಳು ಮುಚ್ಚಿಕೊಂಡವು. ಬಾತ್‌ರೂಮಿಗೆ ಹೊಕ್ಕು ಚಿಲಕ ಹಾಕಿದಳು. ಒಳಗಿನ ಚಿಲಕ ಗಟ್ಟಿಯಾಗಿತ್ತು.

ಹನ್ನೊಂದು ವರ್ಷದಲ್ಲಿ ಆ ಕಮೋಡನ್ನು ಅವಳ ಕೈ ಎಷ್ಟು ಸಾವಿರ ಸಲ ಮುಟ್ಟಿತ್ತೋ, ಅವಳ ಮೈ ಮುಟ್ಟಿದ್ದು ಇವತ್ತೇ. ಕೂತದ್ದೇ ತಡ, ತಡೆದಿದ್ದೆಲ್ಲ ಹರಿಯಿತು. ಸದ್ದು ಬಾಗಿಲಾಚೆಗೂ ಕೇಳಿತು. ಕೇಳಲಿ ಎಂದುಕೊಂಡಳು. ಬಾಗಿಲನ್ನು ಕಾಲಿನಿಂದ ಒತ್ತಿ ಹಿಡಿಯಬೇಕಿರಲಿಲ್ಲ. ಎರಡೂ ಕಾಲು ನೆಲದ ಮೇಲೆ ಆರಾಮಾಗಿದ್ದವು.

“ಏಯ್! ಯಾರು ಹೇಳಿದ್ದು ಒಳಗೆ ಹೋಗು ಅಂತ?” ಶಾಮಣ್ಣ ಬಾಗಿಲು ಗುದ್ದಿದ. “ತೆಗಿ ಬಾಗಿಲು! ಥೂ, ಕೊಳಕು ಜಾತಿ. ಒಳಗೆ ಬಿಟ್ಕೊಂಡಿದ್ದೇ ತಪ್ಪಾಯ್ತು.”

ಹನ್ನೊಂದು ವರ್ಷ ಆ ಮನೆಯವರು ಅವಳ ಜಾತಿ ಕೇಳಿರಲಿಲ್ಲ. ಕೇಳಿ, ಬೇಡದ ಉತ್ತರ ಬಂದರೆ ಇಷ್ಟು ಚೊಕ್ಕಟ ತೊಳೆಯುವವಳು ಕೈತಪ್ಪುತ್ತಾಳೆಂದು. ಈಗ ಕೇಳದೆಯೇ ಗೊತ್ತಾಗಿಬಿಟ್ಟಿತ್ತು.

ಹೊಟ್ಟೆ ಹಗುರಾಯಿತು. ತೊಡೆ ತೊಳೆದುಕೊಂಡಳು, ಸೀರೆಯ ಅಂಚು ಹಿಂಡಿದಳು. ಎದ್ದು ನಿಂತಾಗ ಹಳೆಯ ಹೆದರಿಕೆಯೂ ಜೊತೆಗೇ ಎದ್ದಿತು. ನೀರು ಬಿಡಬೇಕು, ಫಿನಾಯಿಲ್ ಹಾಕಿ ತಿಕ್ಕಬೇಕು, ಹೊರಗೆ ಹೋಗಿ ಅಕ್ಕೋರ ಕಾಲು ಹಿಡಿಯಬೇಕು, ಶೀತಲಳ ಕಾಲೇಜು ಇನ್ನೂ ಎರಡು ವರ್ಷ ಇದೆ ಎನ್ನಬೇಕು. ಬಲಗೈ ಆಗಲೇ ಫ್ಲಶ್ಶಿನ ಗುಂಡಿಯ ಮೇಲಿತ್ತು.

ಕುಬಸದೊಳಗೆ ಮೊಬೈಲು ನಡುಗಿತು.

ಅವಳದೇ ಫೋಟೋ. ಮೂರು ಕೆಂಪು ಚುಕ್ಕೆ. ಮುಖದ ಮೇಲೆ ಈ ಕಡೆಯಿಂದ ಆ ಕಡೆಗೆ ಎಳೆದ ದಪ್ಪ ಗೆರೆ. ಶಾಮಣ್ಣ ಬಾಗಿಲಾಚೆ ನಿಂತೇ ಒತ್ತಿದ್ದ.

ಚಂದ್ರವ್ವ ಅದನ್ನು ಬಹಳ ಹೊತ್ತು ನೋಡಿದಳು. ನಾಲ್ಕು ಮನೆ ಹೋದವು. ಪಕ್ಕದ ಮೂರು ಬಿಲ್ಡಿಂಗೂ ಹೋದವು. ಇಷ್ಟು ವರ್ಷ ಯಾವುದಕ್ಕೆ ಹೆದರಿ ಉಣ್ಣದೆ, ಕುಡಿಯದೆ, ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದಳೋ ಅದು ಮುಗಿದೇಹೋಯಿತು. ಅಳು ಬರಲಿಲ್ಲ. ಬಂದದ್ದು ಬರೀ ಹೇಸಿಗೆ. ಆ ಉಂಡೆಯ ಮೇಲೆ, ಅದನ್ನು ಮೇಲಿನಿಂದ ಬಿಟ್ಟ ಬೆರಳುಗಳ ಮೇಲೆ, ಅದನ್ನು ನುಂಗಿದ ತನ್ನ ಗಂಟಲಿನ ಮೇಲೆ. ಕೈಯನ್ನು ಗುಂಡಿಯಿಂದ ತೆಗೆದಳು. ನೀರು ಬಿಡಲಿಲ್ಲ. ಹೊಸ ಸೋಪಿನಿಂದ ಕೈ ತೊಳೆದು, ನವಿಲಿನ ಟವೆಲ್ಲಿನಿಂದ ಮೊದಲು ಮುಖ, ಆಮೇಲೆ ಕಾಲು ಒರೆಸಿಕೊಂಡು, ತಿರುಗಿ ಅಲ್ಲೇ ಕೂತಳು.

ಗೋಡೆಯ ಆಚೆ ಧಾತ್ರಿಯ ಬಾತ್‌ರೂಮಿನಲ್ಲಿ ನೀರು ಭರ್ರೆಂದು ಹರಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಆ ಹುಡುಗಿಯೂ ಅಷ್ಟೇ ಹೊತ್ತಿನಿಂದ ಕೂತಿದ್ದಳು. ಆ ಬಾಗಿಲನ್ನು ಯಾರೂ ಗುದ್ದಿರಲಿಲ್ಲ.

ಈ ಬಾಗಿಲ ಗುದ್ದು ಸುಮಾರು ಹೊತ್ತಿಗೆ ನಿಂತಿತು. ಬಂದದ್ದು ವನಮಾಲಾಳ ದನಿ, ಮೆತ್ತಗಾಗಿ.

“ಚಂದ್ರವ್ವಾ, ಮುಗೀತೇನಮ್ಮ? ಬೇಗ ಒಂಚೂರು ತೊಳೆದು ಆಚೆ ಬಾ. ಗುರುಗಳಿಗೆ ಹೋಗಬೇಕಂತೆ. ಶುಗರ್ ಇದೆ ಅವರಿಗೆ, ತಡ್ಕೊಳ್ಳೋಕಾಗಲ್ಲ. ಆ ಕಡೇದರಲ್ಲಿ ಧಾತ್ರಿ ಇದಾಳೆ, ಪಾಪ, ಅವಳಿಗೆ ಹುಷಾರಿಲ್ಲ.”

ಚಂದ್ರವ್ವ ಕೊರಳಿನಿಂದ ಕಾರ್ಡು ತೆಗೆದು ಟವೆಲ್ಲಿನ ಮೊಳೆಗೆ ತೂಗಹಾಕಿದಳು.

“ಬೇಸ್‌ಮೆಂಟಿನ್ಯಾಗ ಐತ್ರಿ ಅಕ್ಕೋರ,” ಎಂದಳು. “ಕೀಲಿಕೈ ಶರಣ್ಯಾನ ಕಡೆ ಸಿಗತೈತಿ. ಹೆಸರ ಬರಸಿ ಹೋಗಂತ ಹೇಳ್ರಿ.”

ಬಾಗಿಲ ಕೆಳಗಿನ ಸಂದಿನಲ್ಲಿ ಜರಿಯಂಚಿನ ಪಂಚೆ ಕಾಣಿಸುತ್ತಿತ್ತು, ಅದರ ಕೆಳಗೆ ಎರಡು ಬೆಳ್ಳಗಿನ ಪಾದ. ಅವು ಒಂದರ ಮೇಲೊಂದು ಹತ್ತಿ ಇಳಿಯುತ್ತಿದ್ದವು.